ಬಾದಾಮಿಗೆ ಕೆಂಪು ಫಿಲ್ಟರ್, ವಿಜಯಪುರಕ್ಕೆ ಓರೆ ಬಿಸಿಲು

ಪ್ರಶ್ನೆ: ನನ್ನದು ಕ್ಯಾನನ್ ಡಿಎಸ್‌ಎಲ್‌ಆರ್. ಮಾನೋಕ್ರೋಮ್ (ಕಪ್ಪು-ಬಿಳುಪು) ಸ್ಟೈಲ್‌ನಲ್ಲಿ ಮೆನುವಿನ ಕೆಂಪು ಫಿಲ್ಟರ್ ಇಟ್ಟು ಬಾದಾಮಿಯಲ್ಲಿ ತೆಗೆದ ಚಿತ್ರಗಳು ಎದ್ದು ಕಾಣುವಂತೆ ಬಂದವು. ಅದೇ ಸೆಟ್ಟಿಂಗ್‌ನಲ್ಲಿ ಗೋಲಗುಮ್ಮಟ ತೆಗೆದರೆ ಎಲ್ಲಕ್ಕೂ ಬೂದಿ ಬಳಿದಂತಿದೆ. ಮನೆಯಲ್ಲಿ ಕಂಪ್ಯೂಟರ್‌ಗೆ ಹಾಕಿದರೆ ರಾ ಫೈಲ್‌ಗಳು (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತಗಳು) ಒಂದು ಕ್ಷಣ ಕಪ್ಪು-ಬಿಳುಪಾಗಿ ಕಂಡು ಆಮೇಲೆ ಬಣ್ಣಕ್ಕೆ ತಿರುಗುತ್ತವೆ. ಬಣ್ಣವನ್ನು ಆಮೇಲೂ ತೆಗೆಯಬಹುದು ಅಂದಮೇಲೆ ಕ್ಯಾಮೆರಾದಲ್ಲೇ ಮಾನೋಕ್ರೋಮ್ ಇಟ್ಟುಕೊಂಡು ನೋಡುವುದರಿಂದ ಏನು ಲಾಭ? ಗಾಜಿನ ಕೆಂಪು ಫಿಲ್ಟರ್ ಕೊಳ್ಳಲೇ?
— ಓದುಗರು, ಬಾಗಲಕೋಟೆ

ಉತ್ತರ: ವ್ಯತ್ಯಾಸ ಇರುವುದು ಕಲ್ಲಿನಲ್ಲಿ, ಕ್ಯಾಮೆರಾದಲ್ಲಲ್ಲ. ಬಾದಾಮಿಯದು ಕಬ್ಬಿಣದ ಅಂಶ ಸೇರಿದ ಮರಳುಗಲ್ಲು: ಕೆಂಪು, ಕಿತ್ತಳೆ, ಅಲ್ಲಲ್ಲಿ ನೇರಳೆಗೆ ತಿರುಗಿದ ಪಟ್ಟೆ. ಕೆಂಪು ಫಿಲ್ಟರ್ ಇಟ್ಟ ಕೂಡಲೇ ಆ ಕಲ್ಲು ಬೆಳ್ಳಗಾಗುತ್ತದೆ, ಹಿಂದಿನ ನೀಲಿ ಆಕಾಶ ಕಪ್ಪಾಗುತ್ತದೆ. ಎರಡೂ ಎದುರುಬದುರು ದಿಕ್ಕಿಗೆ ಸರಿಯುವುದರಿಂದ ಗುಡ್ಡದ ಅಂಚು ಉಳಿಯಿಂದ ಕೊರೆದಂತೆ ಕಾಣುತ್ತದೆ. ವಿಜಯಪುರದ ಆದಿಲಶಾಹಿ ಕಟ್ಟಡಗಳದು ಬಸಾಲ್ಟ್ ಕಲ್ಲು. ಅದರ ಸ್ವಂತ ಬಣ್ಣವೇ ಹೆಚ್ಚುಕಡಿಮೆ ಬೂದು. ಫಿಲ್ಟರ್ ಹಿಡಿದೆಳೆಯಲು ಅಲ್ಲಿ ಬಣ್ಣವೇ ಇಲ್ಲ. ಬಾದಾಮಿಯಲ್ಲಿ ಪುಕ್ಕಟೆ ಸಿಕ್ಕ ಛಾಯೆಗಳ ಅಂತರವನ್ನು ವಿಜಯಪುರದಲ್ಲಿ ಬೆಳಕಿನಿಂದ ಮತ್ತು ನೀವು ನಿಲ್ಲುವ ಜಾಗದಿಂದ ಸಂಪಾದಿಸಬೇಕು. ಮಾನೋಕ್ರೋಮ್ ಪ್ರಿವ್ಯೂ ಬೇಕಾಗುವುದು ಈ ಕೆಲಸಕ್ಕೆ. ಪಕ್ಕಪಕ್ಕ ಇರುವ ಎರಡು ವಸ್ತುಗಳು ಬಣ್ಣ ಹೋದಮೇಲೆ ಒಂದೇ ಬೂದಿಯಾಗಿ ಬೆಸೆದುಕೊಂಡಿವೆಯೇ ಎಂಬುದನ್ನು, ಕಾಲು ಇನ್ನೂ ಅಲ್ಲೇ ಇರುವಾಗ, ಅದು ತೋರಿಸುತ್ತದೆ. ಚಿತ್ರವನ್ನು ಅಲ್ಲೇ ಮುಗಿಸುವುದು ಅದರ ಕೆಲಸವಲ್ಲ.

ಹಾಗಾಗಿ ಕ್ಯಾಮೆರಾದಲ್ಲೇ ನೋಡುವುದರಿಂದ ಏನು ಲಾಭ ಎಂಬ ನಿಮ್ಮ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡಬಹುದು. ಬಣ್ಣವನ್ನು ಮನೆಯಲ್ಲಿ ತೆಗೆಯಬಹುದು, ಬೆಳಕನ್ನು ಹದ ಮಾಡಬಹುದು, ಕತ್ತರಿಸಲೂಬಹುದು. ಆದರೆ ಎಡಕ್ಕೆ ಅರ್ಧ ಹೆಜ್ಜೆ ಸರಿಯುವುದು ಮನೆಯಲ್ಲಿ ಸಾಧ್ಯವಿಲ್ಲ. ಹಸಿರು ಬೇವಿನ ಮರದ ಮುಂದೆ ಕೆಂಪು ಪಟಗದ ಅಜ್ಜ ನಿಂತಿದ್ದರೆ ಕಣ್ಣಿಗೆ ಪಟಗವೇ ಮೊದಲು ಬೀಳುತ್ತದೆ. ಬಣ್ಣ ತೆಗೆದರೆ ಪಟಗವೂ ಎಲೆಯೂ ಒಂದೇ ಛಾಯೆ. ಅದು ಅಲ್ಲೇ ಗೊತ್ತಾದರೆ ಅಜ್ಜನ ಹಿಂದೆ ಸುಣ್ಣದ ಗೋಡೆ ಬರುವಂತೆ ಪಕ್ಕಕ್ಕೆ ಸರಿಯುತ್ತೀರಿ.

ಫಿಲ್ಟರ್ ಒಳಗೆ ಏನು ಮಾಡುತ್ತದೆ ಎಂಬುದು ತಿಳಿದರೆ ಊಹೆ ಕಡಿಮೆಯಾಗುತ್ತದೆ. ಕ್ಯಾಮೆರಾ ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಳತೆ ಇಟ್ಟುಕೊಂಡು, ಮೂರನ್ನೂ ಬೆರೆಸಿ ಒಂದು ಬೂದುಛಾಯೆ ಮಾಡುತ್ತದೆ. ಕಂಪನಿಯಿಂದ ಕಂಪನಿಗೆ ಲೆಕ್ಕ ಸ್ವಲ್ಪ ಬೇರೆ. ಟಿವಿ ಕಾಲದಿಂದ ಬಂದ ಸಾಮಾನ್ಯ ಪ್ರಮಾಣವೆಂದರೆ ಸುಮಾರು 30 ಪಾಲು ಕೆಂಪು, 59 ಪಾಲು ಹಸಿರು, 11 ಪಾಲು ನೀಲಿ. ಕೆಂಪು ಫಿಲ್ಟರ್ ಆರಿಸಿದರೆ ಕೆಂಪಿನ ಪಾಲು ಬಹಳ ಏರಿ ಉಳಿದೆರಡು ಇಳಿಯುತ್ತವೆ. ಅದು ಬರೀ ಲೆಕ್ಕ. ಲೆನ್ಸ್ ಒಳಗೆ ಬರುವ ಬೆಳಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕೆಂಪು, ಹಸಿರು, ನೀಲಿ ಮೂರೂ ಸಮನಾಗಿರುವ ಬಸಾಲ್ಟ್‌ಗೆ ಪಾಲು ಹೇಗೆ ಹಂಚಿದರೂ ಉತ್ತರ ಅದೇ. ನಿಮ್ಮ ಗೋಲಗುಮ್ಮಟ ಬದಲಾಗದೆ ಉಳಿದದ್ದು ಹೀಗೆ.

ಇದಕ್ಕೆ ಒಂದು ಅಪವಾದ ಇದೆ. ಬಿಸಿಲು ಬಿದ್ದ ಭಾಗಕ್ಕೆ ಬೆಳಕು ಸೂರ್ಯನಿಂದ ಬರುತ್ತದೆ, ನೆರಳಿನ ಭಾಗಕ್ಕೆ ಬಹುಪಾಲು ಆಕಾಶದಿಂದ. ಆಕಾಶ ಸ್ವಚ್ಛ ನೀಲಿಯಾಗಿದ್ದರೆ ನೆರಳೂ ನೀಲಿ ಛಾಯೆಯದೇ. ಆಗ ಕೆಂಪು ಫಿಲ್ಟರ್ ಬೂದು ಕಲ್ಲಿನಲ್ಲೂ ನೆರಳನ್ನು ಗಾಢ ಮಾಡುತ್ತದೆ. ಸಂಜೆಯ ಹಳದಿ ಬಿಸಿಲಿನಲ್ಲಿ ಈ ಪರಿಣಾಮ ಇನ್ನೂ ಹೆಚ್ಚು. ಏಪ್ರಿಲ್-ಮೇ ತಿಂಗಳ ಧೂಳು ತುಂಬಿದ ಬಿಳಿ ಆಕಾಶದಡಿ ಇದು ಬಹುತೇಕ ಸೊನ್ನೆ. ದೂರದ ತಿಳಿನೀಲಿ ಮಸುಕನ್ನು ಕೆಂಪು ಫಿಲ್ಟರ್ ಸೀಳುತ್ತದೆ, ಧೂಳಿನ ಮಸುಕನ್ನು ಸೀಳುವುದಿಲ್ಲ. ಧೂಳಿನ ಕಣ ದಪ್ಪ; ಅದು ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ. ಬೇಸಿಗೆಯಲ್ಲಿ ಕೆಂಪು ಫಿಲ್ಟರ್ ಇಟ್ಟು ಕಪ್ಪು ಆಕಾಶ ಬರಲಿಲ್ಲವೆಂದು ಕ್ಯಾಮೆರಾವನ್ನು ದೂರುವವರು ಬಹಳ. ಮಳೆ ತೊಳೆದ ಆಕಾಶ, ಅದರಲ್ಲೂ ಸೆಪ್ಟೆಂಬರ್‌ನಿಂದ ಜನವರಿವರೆಗಿನದು, ಇದಕ್ಕೆ ಒಳ್ಳೆಯದು. ಆಗಲೂ ಸೂರ್ಯನಿಗೆ 90 ಡಿಗ್ರಿ ಪಕ್ಕದಲ್ಲಿರುವ ಆಕಾಶವೇ ಹೆಚ್ಚು ಕಪ್ಪಾಗುವುದು. ಸೂರ್ಯನ ಸುತ್ತಮುತ್ತ ಮತ್ತು ದಿಗಂತದ ಹತ್ತಿರ ಆಕಾಶ ಬೆಳ್ಳಗಿರುತ್ತದೆ, ಅಲ್ಲಿ ಯಾವ ಫಿಲ್ಟರೂ ನಡೆಯುವುದಿಲ್ಲ.

ಈಗ ಕ್ಯಾಮೆರಾ ಸಜ್ಜು ಮಾಡೋಣ. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕನ್ನಡಿಯದು. ಮಾನೋಕ್ರೋಮ್ ಇಟ್ಟರೂ ಅಲ್ಲಿ ಬಣ್ಣವೇ ಕಾಣುತ್ತದೆ. ಕಪ್ಪು-ಬಿಳುಪು ನೋಡಲು ಲೈವ್ ವ್ಯೂ, ಅಂದರೆ ಹಿಂಬದಿಯ ಪರದೆಯ ನೇರ ನೋಟ, ತೆರೆಯಲೇಬೇಕು. ಚಿತ್ರದ ಗುಣಮಟ್ಟದಲ್ಲಿ ರಾ ಮತ್ತು ಜೆಪೆಗ್ ಎರಡನ್ನೂ ಆರಿಸಿ. ಬರೀ ಜೆಪೆಗ್ ಇಟ್ಟು ಮಾನೋಕ್ರೋಮ್‌ನಲ್ಲಿ ತೆಗೆದರೆ ಬಣ್ಣ ಹೋದದ್ದು ಹೋಯಿತು, ಮದುವೆ ಮನೆಯವರು ಕೇಳಿದರೂ ತಿರುಗಿ ಬರುವುದಿಲ್ಲ. ಲೈವ್ ವ್ಯೂ ಮೆನುವಿನಲ್ಲಿ ಎಕ್ಸ್‌ಪೋಶರ್ ಸಿಮ್ಯುಲೇಶನ್ ಚಾಲೂ ಇರಲಿ; ಇಲ್ಲದಿದ್ದರೆ ಪರದೆ ತನಗೆ ಬೇಕಾದಷ್ಟು ಬೆಳಗಿಸಿಕೊಂಡು ಸುಳ್ಳು ಹೇಳುತ್ತದೆ. ಆಟೋ ಲೈಟಿಂಗ್ ಆಪ್ಟಿಮೈಜರ್ ಅನ್ನು ಪೂರ್ತಿ ಬಂದ್ ಮಾಡಿ. ನಿಮ್ಮ ಗೋಲಗುಮ್ಮಟ ಬೂದಿಯಾದದ್ದರಲ್ಲಿ ಇದರ ಪಾಲೂ ಇರಬಹುದು, ಏಕೆಂದರೆ ಅದು ನೆರಳನ್ನು ತಾನಾಗಿಯೇ ಮೇಲೆತ್ತುತ್ತದೆ. ನಿಕಾನ್‌ನಲ್ಲಿ ಇದೇ ಕೆಲಸ ಆಕ್ಟಿವ್ ಡಿ-ಲೈಟಿಂಗ್‌ನದು, ಸೋನಿಯಲ್ಲಿ ಡಿಆರ್‌ಒ.

ಪರದೆಯ ಹೊಳಪು ಆಟೋದಲ್ಲಿ ಇದ್ದರೆ ಅದನ್ನೂ ನಡುಮಟ್ಟಕ್ಕೆ ಕಟ್ಟಿಹಾಕಿ. ನಮ್ಮ ಕಡೆಯ ಬಿಸಿಲಿನಲ್ಲಿ ಪರದೆ ಎಷ್ಟು ಹೊಳೆದರೂ ಕಪ್ಪುಗಳು ತೊಳೆದುಹೋದಂತೆ ಕಾಣುತ್ತವೆ. ತಲೆ ಮತ್ತು ಕ್ಯಾಮೆರಾ ಎರಡರ ಮೇಲೂ ಒಂದು ಕರಿ ಬಟ್ಟೆ ಹೊದ್ದು ನೋಡುವುದಕ್ಕಿಂತ ಸುಲಭದ ಉಪಾಯ ಇಲ್ಲ. ಮಿರರ್‌ಲೆಸ್ ಕ್ಯಾಮೆರಾ ಇರುವವರಿಗೆ ಈ ತಾಪತ್ರಯವಿಲ್ಲ, ಕಣ್ಣಿಟ್ಟ ಕಿಂಡಿಯಲ್ಲೇ ಕಪ್ಪು-ಬಿಳುಪು ಕಾಣುತ್ತದೆ. ಆದರೆ ಸೋನಿಯಲ್ಲಿ ಸೆಟ್ಟಿಂಗ್ ಎಫೆಕ್ಟ್ ಆನ್ ಇರಬೇಕು, ಫ್ಯೂಜಿಯಲ್ಲಿ ನ್ಯಾಚುರಲ್ ಲೈವ್ ವ್ಯೂ ಆಫ್ ಇರಬೇಕು.

ವೈಟ್ ಬ್ಯಾಲೆನ್ಸ್ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ, ಕಪ್ಪು-ಬಿಳುಪಿಗೆ ಅದೇಕೆ ಎಂದು. ಬೇಕು. ಮೂರು ಬಣ್ಣದ ಅಳತೆಗಳನ್ನು ಬೆರೆಸುವ ಮೊದಲೇ ವೈಟ್ ಬ್ಯಾಲೆನ್ಸ್ ಅವುಗಳನ್ನು ಹಿಗ್ಗಿಸಿ ಕುಗ್ಗಿಸಿರುತ್ತದೆ. ಆಟೋದಲ್ಲಿ ಬಿಟ್ಟರೆ ಒಂದೇ ಕಲ್ಲು ಒಂದು ಚಿತ್ರದಲ್ಲಿ ತಿಳಿಬೂದು, ಚೌಕಟ್ಟು ಸ್ವಲ್ಪ ತಿರುಗಿಸಿದರೆ ಇನ್ನೊಂದರಲ್ಲಿ ಗಾಢ. ಹೊರಾಂಗಣದಲ್ಲಿ ಡೇಲೈಟ್‌ಗೆ, ಅಂದರೆ 5200 ಕೆಲ್ವಿನ್ ಸುಮಾರಿಗೆ ಕಟ್ಟಿಡಿ. ಮಾನೋಕ್ರೋಮ್‌ನಲ್ಲಿ ಬಣ್ಣದ ಫಿಲ್ಟರ್ ಇಲ್ಲದ ಕ್ಯಾಮೆರಾದವರು ಇದನ್ನೇ ಫಿಲ್ಟರ್‌ನಂತೆ ಬಳಸಿಕೊಳ್ಳಬಹುದು: ಕೆಲ್ವಿನ್ ಅಂಕಿ 8000-9000ಕ್ಕೆ ಏರಿಸಿದರೆ ಕೆಂಪು ವಸ್ತು ತಿಳಿಯಾಗಿ ಆಕಾಶ ತುಸು ಇಳಿಯುತ್ತದೆ, 3200ಕ್ಕೆ ಇಳಿಸಿದರೆ ಇದರ ಉಲ್ಟಾ.

ಕ್ಯಾನನ್‌ನಲ್ಲಿ ಯೂಸರ್ ಡಿಫೈನ್ಡ್ ಎಂದು ಮೂರು ಖಾಲಿ ಪಿಕ್ಚರ್ ಸ್ಟೈಲ್ ಇವೆ. ಮೂರಕ್ಕೂ ಮಾನೋಕ್ರೋಮನ್ನೇ ತಳಹದಿಯಾಗಿಟ್ಟು, 1ಕ್ಕೆ ಕಿತ್ತಳೆ, 2ಕ್ಕೆ ಹಸಿರು, 3ಕ್ಕೆ ಕೆಂಪು ಫಿಲ್ಟರ್ ಕೊಟ್ಟುಬಿಡಿ. ಫಿಲ್ಟರ್ ಇಲ್ಲದ್ದು ಮೂಲ ಮಾನೋಕ್ರೋಮ್‌ನಲ್ಲೇ ಇರಲಿ. ಲೈವ್ ವ್ಯೂನಲ್ಲಿ ಕ್ಯೂ ಗುಂಡಿ ಒತ್ತಿ ಚಕ್ರ ತಿರುಗಿಸಿದರೆ ನಾಲ್ಕೂ ಒಂದರ ಹಿಂದೆ ಒಂದು ಪರದೆಯ ಮೇಲೆ ಬರುತ್ತವೆ. ಯಾವುದರಲ್ಲಿ ವಸ್ತು ಹಿನ್ನೆಲೆಯಿಂದ ಬಿಡಿಸಿಕೊಂಡು ನಿಲ್ಲುತ್ತದೆ ಎಂದು ನೋಡಿದರೆ ಸಾಕು. ಟೋನಿಂಗ್ ಬೇಡ, ಸೆಪಿಯಾ ಇಟ್ಟರೆ ಛಾಯೆಯ ಅಂದಾಜು ತಪ್ಪುತ್ತದೆ. ಕಾಂಟ್ರಾಸ್ಟ್ ಸೊನ್ನೆಯಲ್ಲಿರಲಿ. ಅದನ್ನು ಹೆಚ್ಚಿಸಿದರೆ ಫಿಲ್ಟರ್‌ನ ಪರಿಣಾಮವೂ ಹೆಚ್ಚುತ್ತದೆ, ನಿಜ. ಆದರೆ ಜೊತೆಗೆ ಕಪ್ಪಿನಿಂದ ಬಿಳುಪಿನವರೆಗಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್‌ ಕೂಡ ಎರಡೂ ತುದಿಗೆ ಹಿಗ್ಗಿ ಇಲ್ಲದ ಗಾಬರಿ ಹುಟ್ಟಿಸುತ್ತದೆ.

ಊರು ಬಿಡುವ ಮೊದಲು ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಿಟಕಿಯ ಬೆಳಕಿನಲ್ಲಿ ಬಿಳಿ ಹಾಳೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ, ಅರಿಶಿನ ಪುಡಿ, ಕೊತ್ತಂಬರಿ ಸೊಪ್ಪು, ಬೆಲ್ಲದ ತುಂಡು, ಬಿಳಿಜೋಳ, ನೀಲಿ ಬಟ್ಟೆಯ ಚೂರು ಸಾಲಾಗಿ ಇಡಿ. ಮ್ಯಾನುವಲ್‌ನಲ್ಲಿ ಎಕ್ಸ್‌ಪೋಶರ್ ಕಟ್ಟಿ, ಕ್ಯಾಮೆರಾ ಅಲುಗಾಡದಂತೆ ಇಟ್ಟು, ಫಿಲ್ಟರ್ ಇಲ್ಲದ್ದು, ಹಳದಿ, ಕಿತ್ತಳೆ, ಕೆಂಪು, ಹಸಿರು ಹೀಗೆ ಐದು ಚಿತ್ರ ತೆಗೆಯಿರಿ. ಫಿಲ್ಟರ್ ಇಲ್ಲದಾಗ ಮೆಣಸಿನಕಾಯಿ ಮತ್ತು ಕೊತ್ತಂಬರಿ ಅಕ್ಕತಂಗಿಯರಂತೆ ಹತ್ತಿರದ ಛಾಯೆಯಲ್ಲಿರುತ್ತವೆ. ಕೆಂಪಿನಲ್ಲಿ ಮೆಣಸಿನಕಾಯಿ ಬಿಳಿಚಿಕೊಂಡು ಸೊಪ್ಪು ಕಪ್ಪಾಗುತ್ತದೆ, ಹಸಿರಿನಲ್ಲಿ ಮೆಣಸಿನಕಾಯಿ ಕರ್ರಗಾಗಿ ಸೊಪ್ಪು ಬೆಳಗುತ್ತದೆ. ಅರಿಶಿನ ಮಾತ್ರ ಈ ಎಲ್ಲದರಲ್ಲೂ ತಿಳಿಯಾಗೇ ಉಳಿಯುತ್ತದೆ, ಏಕೆಂದರೆ ಹಳದಿಯೊಳಗೆ ಕೆಂಪೂ ಹಸಿರೂ ಎರಡೂ ಇವೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರ ತೂರುವುದನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವವರಿಗೆ ಇದು ನೆನಪಿರಬೇಕು: ಬಿಳಿ ಆಕಾಶದ ಎದುರು ಭಂಡಾರ ಕಾಣುವುದೇ ಇಲ್ಲ, ಗಾಢ ಹಿನ್ನೆಲೆ ಹುಡುಕಲೇಬೇಕು.

ಇನ್ನು ಬಾದಾಮಿ. ಅಲ್ಲಿ ಕೆಂಪು ಫಿಲ್ಟರ್ ಚೆನ್ನಾಗಿ ಬಂತೆಂದು ಎಲ್ಲದಕ್ಕೂ ಅದನ್ನೇ ಇಡಬೇಡಿ. ಗುಡ್ಡ, ಆಕಾಶ, ಮೋಡ ಮಾತ್ರ ಇರುವ ದೂರದ ಚೌಕಟ್ಟಿಗೆ ಅದು ಸರಿ. ಅಗಸ್ತ್ಯ ತೀರ್ಥದ ದಂಡೆಯ ಮರಗಳು, ಹಸಿರುಗಟ್ಟಿದ ನೀರು ಚೌಕಟ್ಟಿಗೆ ಬಂದವೆಂದರೆ ಕೆಂಪು ಫಿಲ್ಟರ್‌ನಲ್ಲಿ ಅವೆರಡೂ ಕಪ್ಪು ಮುದ್ದೆಯಾಗುತ್ತವೆ, ಎಲೆಯ ವಿವರ ಉಳಿಯುವುದಿಲ್ಲ. ಅಲ್ಲಿ ಕಿತ್ತಳೆ ಒಳ್ಳೆಯ ರಾಜಿ. ಕಲ್ಲು ಇನ್ನೂ ತಿಳಿಯಾಗಿಯೇ ಇರುತ್ತದೆ, ಆಕಾಶ ನಡುಬೂದಿಗೆ ಇಳಿಯುತ್ತದೆ, ಮರದೊಳಗೆ ಟೊಂಗೆ ಕಾಣುತ್ತದೆ.

ಗುಹೆಗಳ ಹತ್ತಿರ ಹೋದಂತೆ ಲೆಕ್ಕ ತಿರುಗುಮುರುಗಾಗುತ್ತದೆ. ಮೂರನೆಯ ಗುಹೆಯ ಕಂಬಗಳ ಮೇಲೆ ಹರಿದಿರುವ ಕೆಂಪು-ಕೆನೆ ಪಟ್ಟೆಗಳನ್ನು ನೋಡಿ. 578ರಲ್ಲಿ ಮಂಗಲೇಶ ಮಾಡಿಸಿದ ಗುಹೆ ಅದು. ಪಟ್ಟೆಗಳಂತೂ ಕಲ್ಲಿನ ಹುಟ್ಟುಗುಣ. ಕೆಂಪು ಫಿಲ್ಟರ್‌ನಲ್ಲಿ ಕೆಂಪು ಪಟ್ಟೆಯೂ ಕೆನೆಬಣ್ಣದ ಪಟ್ಟೆಯೂ ಎರಡೂ ಬೆಳ್ಳಗಾಗಿ ಕಂಬ ಸಿಮೆಂಟ್ ಮೆತ್ತಿದಂತೆ ನುಣುಪಾಗುತ್ತದೆ. ಹಸಿರಿಗೆ ತಿರುಗಿಸಿ: ಕೆಂಪು ಪಟ್ಟೆ ಗಾಢವಾಗಿ, ಕೆನೆ ತಿಳಿಯಾಗಿ, ಪದರಗಳೆಲ್ಲ ಎದ್ದು ಬರುತ್ತವೆ. ನಿಮಗೆ ಬೇಕಾದದ್ದು ಕಲ್ಲಿನ ಪದರವೋ ಶಿಲ್ಪವೋ ಎಂಬುದನ್ನು ಇಲ್ಲಿ ಮೊದಲು ತೀರ್ಮಾನಿಸಬೇಕು. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನಲ್ಲಿ ಪಟ್ಟೆ ಎದ್ದರೆ ಕೈಗಳ ಎಣಿಕೆ ಕಣ್ಣಿಗೆ ಸಿಗುವುದಿಲ್ಲ. ಅಲ್ಲಿ ಕಿತ್ತಳೆ ಅಥವಾ ಕೆಂಪು ಇಟ್ಟು ಪಟ್ಟೆಯನ್ನು ಅಡಗಿಸಿ, ಆಕಾರವನ್ನು ನೆರಳಿಗೆ ಬಿಡುವುದು ಮೇಲು. ಗುಹೆಗಳ ಬಾಯಿ ಉತ್ತರಕ್ಕಿರುವುದರಿಂದ ಒಳಗೆ ನೇರ ಬಿಸಿಲು ಬರುವುದು ಕಡಿಮೆ, ಎದುರಿನಿಂದ ಮತ್ತು ನೆಲದಿಂದ ಮರಳಿ ಬಂದ ಮೆತ್ತನೆಯ ಬೆಳಕೇ ಆಸರೆ. ಶಿಲ್ಪದ ನೇರ ಎದುರು ನಿಂತರೆ ಆ ಬೆಳಕು ನಿಮ್ಮ ಬೆನ್ನ ಹಿಂದಿನಿಂದಲೇ ಹೋಗಿ ಬಿದ್ದು ಆಳ ಅಳಿಸಿಹಾಕುತ್ತದೆ. ಬಾಯಿಗೆ ಅಡ್ಡವಾಗಿ, ಬೆಳಕು ಒಂದು ಪಕ್ಕದಿಂದ ಬರುವಂತೆ ನಿಲ್ಲಿ. ಕೈಯಲ್ಲಿ ಹಿಡಿದು ತೆಗೆಯುವುದಾದರೆ ಎಫ್/5.6, ಸೆಕೆಂಡಿನ 1/60, ಐಎಸ್‌ಒ 800ರಿಂದ ಶುರುಮಾಡಿ. ಟ್ರೈಪಾಡ್ ಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು.

ವಿಜಯಪುರಕ್ಕೆ ಬರೋಣ. ಅಲ್ಲಿ ಫಿಲ್ಟರ್ ಚಕ್ರ ತಿರುಗಿಸುತ್ತ ನಿಲ್ಲುವುದು ವ್ಯರ್ಥ, ಕೈಗಡಿಯಾರ ನೋಡಿಕೊಳ್ಳಿ. ಗೋಲಗುಮ್ಮಟದ ನಾಲ್ಕು ಮೂಲೆಯಲ್ಲಿರುವ ಏಳಂತಸ್ತಿನ ಗೋಪುರಗಳು ಎಂಟು ಮೂಲೆಯವು. ಪಕ್ಕದಿಂದ ಬಿಸಿಲು ಬಿದ್ದಾಗ ಅವುಗಳ ಒಂದೊಂದು ಮುಖವೂ ಒಂದೊಂದು ಛಾಯೆ ಪಡೆಯುತ್ತದೆ: ಒಂದು ಬಿಳುಪು, ಪಕ್ಕದ್ದು ಬೂದು, ಅದರಾಚೆಯದು ಕಪ್ಪು. ಬಿಸಿಲು ನಿಮ್ಮ ಬೆನ್ನ ಹಿಂದೆ ಇದ್ದಾಗ ಕಾಣುವ ಮುಖಗಳೆಲ್ಲ ಒಂದೇ ಬೂದು, ಗೋಪುರ ಚಪ್ಪಟೆ. ನೀವು ತೆಗೆದದ್ದು ಬಹುಶಃ ಇಂಥ ಹೊತ್ತಿನಲ್ಲಿ. ಚಳಿಗಾಲ ಇದಕ್ಕೆ ಅನುಕೂಲ. ಡಿಸೆಂಬರ್‌ನಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ ನೈಋತ್ಯದಲ್ಲಿ ಮುಳುಗುತ್ತಾನೆ, ನಡುಮಧ್ಯಾಹ್ನದಲ್ಲೂ ವಿಜಯಪುರದಲ್ಲಿ ಸುಮಾರು 50 ಡಿಗ್ರಿಯವರೆಗೆ ಮಾತ್ರ ಏರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಯ ಮೇಲೆ ಬೆಳಗಿನ ಮೊದಲ ತಾಸು ಮತ್ತು ಸಂಜೆಯ ಕೊನೆಯ ತಾಸು ಬೆಳಕು ಗೋಡೆಗೆ ಉಜ್ಜಿಕೊಂಡಂತೆ ಓರೆಯಾಗಿ ಹರಿಯುತ್ತದೆ. ಆಗ ಕಲ್ಲಿನ ಸಂದು, ಚಾಚಿದ ಸೂರಿನ ಕೆಳಗಿನ ಸಾಲು ಆಧಾರಗಳು, ಗಚ್ಚು ಕಿತ್ತುಹೋದ ಗುಮ್ಮಟದ ಮೈ ಎಲ್ಲಕ್ಕೂ ತನ್ನದೇ ನೆರಳು ಹುಟ್ಟುತ್ತದೆ. ಬಣ್ಣದ ಚಿತ್ರದಲ್ಲಿ ನೆರಳೆಂದರೆ ಏನೂ ಇಲ್ಲದ ಜಾಗ. ಕಪ್ಪು-ಬಿಳುಪಿನಲ್ಲಿ ಅದೇ ಒಂದು ವಸ್ತು, ಅದಕ್ಕೂ ಚೌಕಟ್ಟಿನಲ್ಲಿ ಜಾಗ ಕೊಡಬೇಕು, ಅದರ ಅಂಚೂ ಕತ್ತರಿಸಿಹೋಗದಂತೆ ನೋಡಬೇಕು.

ಛಾಯೆಗಳು ಬೆಸೆದುಕೊಳ್ಳುವುದನ್ನು ಕಲಿಯಲು ಬಾರಾಕಮಾನಿಗಿಂತ ಒಳ್ಳೆಯ ಜಾಗವಿಲ್ಲ. ಎರಡನೆಯ ಅಲಿ ಆದಿಲಶಾಹನ ಅರ್ಧಕ್ಕೇ ನಿಂತ ಗೋರಿ; ಮೇಲ್ಛಾವಣಿ ಇಲ್ಲದ ಕಪ್ಪು ಕಮಾನುಗಳು ಒಂದರ ಹಿಂದೆ ಒಂದು. ಬರಿಗಣ್ಣಿಗೆ ಎರಡು ಕಣ್ಣಿನ ನೋಟದಿಂದ ಮುಂದಿನ ಕಮಾನು, ಹಿಂದಿನ ಕಮಾನು ಬೇರೆ ಎಂದು ಗೊತ್ತಾಗುತ್ತದೆ. ಪರದೆಯಲ್ಲಿ ಎರಡೂ ಸೇರಿ ಒಂದು ಕಪ್ಪು ಗೋಜಲು. ಲೈವ್ ವ್ಯೂ ನೋಡುತ್ತಲೇ ನಿಧಾನವಾಗಿ ಪಕ್ಕಕ್ಕೆ ನಡೆಯಿರಿ. ಮುಂದಿನ ಕಂಬಕ್ಕೂ ಹಿಂದಿನ ಕಮಾನಿಗೂ ನಡುವೆ ಒಂದು ಬೆರಳಿನಷ್ಟು ಆಕಾಶ ಕಾಣುವ ಜಾಗ ಸಿಗುತ್ತದೆ, ಅಲ್ಲಿ ನಿಲ್ಲಿ. ಕೆಳಗೆ ಕೂತರೆ ಅಂತರ ಇನ್ನಷ್ಟು ಬಿಚ್ಚಿಕೊಳ್ಳುವುದೂ ಉಂಟು. ಈ ಜಾಗ ಹುಡುಕುವಾಗ ಲೆನ್ಸನ್ನು ಮ್ಯಾನುವಲ್ ಫೋಕಸ್‌ಗೆ ಹಾಕಿ ಬೇಕಂತಲೇ ಮಸುಕು ಮಾಡಿಕೊಳ್ಳಿ. ವಿವರಗಳೆಲ್ಲ ಕರಗಿ ಕಪ್ಪು, ಬಿಳುಪು, ಬೂದಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಆ ಮಸುಕಿನಲ್ಲೂ ಕಮಾನು ಕಮಾನಾಗಿ ಕಂಡರೆ ಫೋಕಸ್ ಸರಿಮಾಡಿ ಒತ್ತಿ. ಕಾಣದಿದ್ದರೆ ಎಷ್ಟು ಚೂಪಾದ ಫೋಕಸ್ ಇದ್ದರೂ ಚಿತ್ರ ನಿಲ್ಲುವುದಿಲ್ಲ.

ಒತ್ತುವ ಮೊದಲು ನಾಲ್ಕು ಮೂಲೆ ನೋಡುವುದೂ ಇದೇ ಹೊತ್ತಿನ ಕೆಲಸ. ಬಣ್ಣವಿಲ್ಲದಾಗ ಕಣ್ಣು ಅತಿ ಬೆಳ್ಳಗಿನ ಚುಕ್ಕೆಗೆ ಓಡುತ್ತದೆ. ಮೂಲೆಯಲ್ಲಿ ಇಣುಕಿದ ತುಣುಕು ಆಕಾಶ, ದೂರ ನಿಂತ ಬಿಳಿ ಕಾರು, ಬೋರ್ಡಿನ ಹೊಳಪು ಇವೆಲ್ಲ ಬಣ್ಣದಲ್ಲಿ ಸುಮ್ಮನೆ ಕೂತಿರುತ್ತವೆ, ಇಲ್ಲಿ ಕೂಗುತ್ತವೆ.

ನೀರಿಗೂ ಬಣ್ಣವಿದೆ ಎಂಬುದನ್ನು ಗೋಕಾಕ ಫಾಲ್ಸ್ ಕಲಿಸುತ್ತದೆ. ಮಳೆಗಾಲದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುವಾಗ ನೀರು ಕೆಮ್ಮಣ್ಣಿನ ಬಣ್ಣದ್ದು. ಫಿಲ್ಟರ್ ಇಲ್ಲದೆ ತೆಗೆದರೆ ಆ ನೀರು ಪಕ್ಕದ ಒದ್ದೆ ಬಂಡೆಯಷ್ಟೇ ಬೂದಾಗಿ, ಜಲಪಾತ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದು. ಕೆಂಪು ಇಟ್ಟರೆ ನೀರು ಬೆಳ್ಳಗಾಗಿ ಬಂಡೆಯಿಂದ ಬೇರೆಯಾಗುತ್ತದೆ. ಮೋಡ ಕವಿದಿದ್ದರೆ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ, ಅದನ್ನು ಯಾವ ಫಿಲ್ಟರೂ ಉಳಿಸದು.

ಮನುಷ್ಯರಿಗೆ ಕೆಂಪು ಫಿಲ್ಟರ್ ಬಹುತೇಕ ಬೇಡ. ಹಣೆಯ ಕುಂಕುಮ ಚರ್ಮದ ಛಾಯೆಯಲ್ಲಿ ಕರಗಿ ಮಾಯವಾಗುತ್ತದೆ, ತುಟಿ ಬಿಳಿಚಿಕೊಳ್ಳುತ್ತದೆ. ಮುತ್ತೈದೆಯರ ಚಿತ್ರ ಹೀಗೆ ಬಂದರೆ ಮನೆಯವರು ಸುಮ್ಮನಿರುವುದಿಲ್ಲ. ಹಳದಿ ಸಾಕು, ಅಥವಾ ಫಿಲ್ಟರೇ ಬೇಡ. ಹಸಿರಿನಲ್ಲಿ ಕುಂಕುಮ ಗಾಢವಾಗಿ ನಿಲ್ಲುತ್ತದೆ, ಜೊತೆಗೆ ಮುಖದ ಸುಕ್ಕು, ಬಿಸಿಲುಗಲೆ ಎಲ್ಲವೂ ಏಳುತ್ತವೆ. ವಯಸ್ಸಾದ ರೈತನ ಮುಖಕ್ಕೆ ಅದು ಒಪ್ಪುತ್ತದೆ, ಮದುಮಗಳಿಗೆ ಒಪ್ಪುವುದಿಲ್ಲ. ಇಲಕಲ್ ಸೀರೆಯ ತೋಪು ತೆನಿ ಸೆರಗು ಕೆಂಪು ರೇಷ್ಮೆಯಲ್ಲಿ ಬಿಳಿ ವಿನ್ಯಾಸ; ಕೆಂಪು ಫಿಲ್ಟರ್‌ನಲ್ಲಿ ತೆನಿ ಅಳಿಸಿಹೋಗುತ್ತದೆ, ಹಸಿರಿನಲ್ಲಿ ಕಪ್ಪಿನ ಮೇಲೆ ಬಿಳಿಯಾಗಿ ಅಚ್ಚೊತ್ತಿದಂತೆ ಬರುತ್ತದೆ. ಗುಳೇದಗುಡ್ಡದ ಖಣ ಮತ್ತು ಕಸೂತಿಗೆ ಒಂದೇ ಸೂತ್ರ ಹೇಳಲಾಗದು, ದಾರದ ಬಣ್ಣ ನೋಡಿ ನಾಲ್ಕೂ ಫಿಲ್ಟರ್ ತಿರುಗಿಸಿಯೇ ಆರಿಸಬೇಕು. ಎರಿ ಹೊಲದಲ್ಲಿ ಕರಿ ಕಂಬಳಿ ಹೊದ್ದ ಕುರಿಗಾಹಿಗೆ ಯಾವ ಫಿಲ್ಟರೂ ಉಪಯೋಗವಿಲ್ಲ, ಕಪ್ಪಿನ ಮೇಲೆ ಕಪ್ಪು. ನೀವು ತಗ್ಗಿ ಕೂತು ಅವನ ಹಿಂದೆ ಆಕಾಶ ತನ್ನಿ, ಇಲ್ಲವೇ ಸೂರ್ಯ ಅವನ ಹಿಂಬದಿಗೆ ಬರುವಂತೆ ನಿಲ್ಲಿ. ಉಣ್ಣೆಯ ಅಂಚಿನ ಎಳೆಗಳು ಬೆಳಕು ಹಿಡಿದು ಗೆರೆ ಎಳೆಯುತ್ತವೆ. ನಡೆದಾಡುವವರನ್ನು ಲೈವ್ ವ್ಯೂನಲ್ಲಿ ಹಿಂಬಾಲಿಸುವುದು ಹಳೆಯ ಡಿಎಸ್‌ಎಲ್‌ಆರ್‌ಗೆ ಕಷ್ಟ, ಫೋಕಸ್ ನಿಧಾನ. ಹಿನ್ನೆಲೆಯನ್ನು ಲೈವ್ ವ್ಯೂನಲ್ಲಿ ಆರಿಸಿಕೊಂಡು, ಜನ ಬರುವಾಗ ವ್ಯೂಫೈಂಡರ್‌ಗೆ ಮರಳಿ. ಲೈವ್ ವ್ಯೂ ಬ್ಯಾಟರಿಯನ್ನು ಕುಡಿಯುತ್ತದೆ, ಇನ್ನೊಂದು ಜೇಬಿನಲ್ಲಿರಲಿ.

ಎಕ್ಸ್‌ಪೋಶರ್‌ನಲ್ಲಿ ಎರಡು ಕಡೆ ಎಚ್ಚರ ಬೇಕು. ಬಸಾಲ್ಟ್ ಗೋಡೆ ಚೌಕಟ್ಟು ತುಂಬಿದರೆ ಮೀಟರ್ ಅದನ್ನು ನಡುಬೂದಿಗೆ ಎತ್ತಲು ನೋಡುತ್ತದೆ. ನಿಮ್ಮ ಬೂದಿಗೆ ಇದು ಇನ್ನೊಂದು ಕಾರಣ. ಮೈನಸ್ 2/3ರಿಂದ ಮೈನಸ್ 1 ಸ್ಟಾಪ್ ಇಳಿಸಿದರೆ (ಒಂದು ಸ್ಟಾಪ್ ಇಳಿಸುವುದೆಂದರೆ ಬೆಳಕನ್ನು ಅರ್ಧ ಮಾಡುವುದು) ಕಲ್ಲು ಕಲ್ಲಿನಂತೆ ಕಾಣುತ್ತದೆ. ಬೆಳಗಾವಿ ಕೋಟೆಯ ಕಮಲ ಬಸದಿಯ ಒಳಗಿನ ಕಪ್ಪು ಕಲ್ಲಿಗೂ ಇದೇ ಮಾತು. ಎರಡನೆಯದು ಸೂಕ್ಷ್ಮ. ಹಿಸ್ಟೋಗ್ರಾಮ್ ಮತ್ತು ಅತಿ ಬೆಳಕು ಬಿದ್ದಲ್ಲಿ ಮಿನುಗುವ ಎಚ್ಚರಿಕೆ ಎರಡೂ ಆ ಕಪ್ಪು-ಬಿಳುಪು ಜೆಪೆಗ್‌ನಿಂದ ಬಂದವು, ರಾದಿಂದಲ್ಲ. ಕೇಸರಿ ಬಾವುಟ, ಕೆಂಪು ಪಟಗ, ಗುಲಾಲು ಎರಚಿದ ಮುಖ ಇಂಥವುಗಳಲ್ಲಿ ಕೆಂಪಿನ ಅಳತೆ ತುದಿ ಮುಟ್ಟಿ ವಿವರ ಕಳೆದುಹೋಗಿದ್ದರೂ ಹಸಿರು ಫಿಲ್ಟರ್‌ನ ಪರದೆಯಲ್ಲಿ ಅವು ಗಾಢಬೂದಾಗಿ ಕ್ಷೇಮವಾಗಿರುವಂತೆ ಕಾಣುತ್ತವೆ. ಹೀಗೆ ಕೆಂಪು ಜಾಸ್ತಿ ಇರುವಲ್ಲಿ ಮೊದಲು ಸ್ಟ್ಯಾಂಡರ್ಡ್ ಸ್ಟೈಲ್‌ನಲ್ಲಿ ಒಂದು ಚಿತ್ರ ತೆಗೆದು, ಮೂರು ಬಣ್ಣದ ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಬಲತುದಿಗೆ ಬಡಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಎಕ್ಸ್‌ಪೋಶರನ್ನು ಮ್ಯಾನುವಲ್‌ನಲ್ಲಿ ಕಟ್ಟಿ ಮಾನೋಕ್ರೋಮ್‌ಗೆ ಮರಳಿ.

ಕಂಪ್ಯೂಟರ್‌ನಲ್ಲಿ ಬಣ್ಣ ಬರುವುದು ದೋಷವಲ್ಲ. ರಾ ಫೈಲ್‌ನಲ್ಲಿ ಬಣ್ಣದ ಮಾಹಿತಿ ಪೂರ್ತಿ ಇರುತ್ತದೆ. ಜೊತೆಗೆ ಕ್ಯಾಮೆರಾ ಒಂದು ಪುಟ್ಟ ಜೆಪೆಗ್ ಪ್ರತಿಯನ್ನು ಅದರೊಳಗೆ ಸೇರಿಸಿರುತ್ತದೆ. ಮೊದಲ ಕ್ಷಣ ಕಾಣುವುದು ಆ ಪ್ರತಿ, ಆಮೇಲೆ ತಂತ್ರಾಂಶ ತನ್ನದೇ ಬಣ್ಣದ ಪ್ರೊಫೈಲ್ ಹಚ್ಚುತ್ತದೆ. ಕ್ಯಾನನ್‌ನ ಡಿಜಿಟಲ್ ಫೋಟೋ ಪ್ರೊಫೆಶನಲ್‌ನಲ್ಲಿ ತೆರೆದರೆ ಮಾನೋಕ್ರೋಮ್ ಹಾಗೇ ಉಳಿಯುತ್ತದೆ, ಫಿಲ್ಟರನ್ನು ಕೆಂಪಿನಿಂದ ಹಸಿರಿಗೆ ಬದಲಿಸಲೂ ಬರುತ್ತದೆ. ನಿಕಾನ್‌ನವರಿಗೆ ಎನ್‌ಎಕ್ಸ್ ಸ್ಟುಡಿಯೋ ಹೀಗೆಯೇ. ಲೈಟ್‌ರೂಮ್ ಬಳಸುವುದಾದರೆ ರಾ ಡಿಫಾಲ್ಟ್ ಅನ್ನು ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಬದಲಿಸಿ, ಅಥವಾ ಪ್ರೊಫೈಲ್ ಪಟ್ಟಿಯಿಂದ ಕಪ್ಪು-ಬಿಳುಪು ಆರಿಸಿ. ಅಲ್ಲಿ ಎಂಟು ಬಣ್ಣಗಳ ಪಟ್ಟಿಗಳು ಪ್ರತ್ಯೇಕ ಸಿಗುತ್ತವೆ. ಕ್ಯಾಮೆರಾದ ಫಿಲ್ಟರ್‌ಗಿಂತ ಅದು ಬಹಳ ನಯ, ಕಲ್ಲಿಗೊಂದು ಎಲೆಗೊಂದು ಎಂದು ಹಂಚಬಹುದು. ನೀಲಿಯನ್ನು ಮಾತ್ರ ಅತಿಯಾಗಿ ಇಳಿಸಬೇಡಿ. ಆಕಾಶದಲ್ಲಿ ಕಾಳುಕಾಳು ಏಳುತ್ತದೆ, ಗುಡ್ಡದ ಅಂಚಿಗೆ ಬಿಳಿ ಗೆರೆ ಬರುತ್ತದೆ. ಮೈನಸ್ 40ರ ಆಸುಪಾಸಿನಲ್ಲಿ ನಿಂತು ನೂರು ಪ್ರತಿಶತಕ್ಕೆ ಹಿಗ್ಗಿಸಿ ನೋಡಿ ಮುಂದುವರಿಯಿರಿ. ಜೆಪೆಗ್‌ನಲ್ಲಿ ಇದು ಇನ್ನೂ ಬೇಗ ಕೆಡುತ್ತದೆ.

ಗಾಜಿನ ಕೆಂಪು ಫಿಲ್ಟರ್ ಕೊಳ್ಳಬೇಡಿ. ಫಿಲ್ಮ್ ಕಾಲದಲ್ಲಿ ಅದು ಬೇಕಿತ್ತು. ನಿಮ್ಮ ಸೆನ್ಸರ್‌ನಲ್ಲಿ ಅರ್ಧ ಬಿಂದುಗಳು ಹಸಿರಿಗೆ, ಕಾಲು ಭಾಗ ನೀಲಿಗೆ, ಕಾಲು ಭಾಗ ಮಾತ್ರ ಕೆಂಪಿಗೆ ಮೀಸಲು. ಮುಂದೆ ಗಾಢ ಕೆಂಪು ಗಾಜು ಇಟ್ಟರೆ ನಾಲ್ಕರಲ್ಲಿ ಮೂರು ಬಿಂದುಗಳು ಹೆಚ್ಚುಕಡಿಮೆ ಕತ್ತಲಲ್ಲಿ ಕೂರುತ್ತವೆ, ಸುಮಾರು 3 ಸ್ಟಾಪ್ ಬೆಳಕೂ ಹೋಗುತ್ತದೆ, ವಿವರ ಕಡಿಮೆಯಾಗಿ ಗದ್ದಲ (ಚಿತ್ರದಲ್ಲಿ ಏಳುವ ಕಾಳುಕಾಳು) ಹೆಚ್ಚುತ್ತದೆ. ಬಣ್ಣದ ಜಾಲರಿಯೇ ಇಲ್ಲದ ಶುದ್ಧ ಕಪ್ಪು-ಬಿಳುಪು ಸೆನ್ಸರ್‌ನ ಕ್ಯಾಮೆರಾಗಳಿಗೆ, 2012ರಲ್ಲಿ ಬಂದ ಲೈಕಾ ಎಂ ಮಾನೋಕ್ರೋಮ್ ಅಥವಾ 2023ರ ಪೆಂಟಾಕ್ಸ್ ಕೆ-3 ಮಾರ್ಕ್ 3 ಮಾನೋಕ್ರೋಮ್‌ನಂಥವಕ್ಕೆ, ಗಾಜಿನ ಫಿಲ್ಟರ್ ಬೇಕೇಬೇಕು. ಅವುಗಳಲ್ಲಿ ಆಮೇಲೆ ಬಣ್ಣ ಬೆರೆಸುವ ದಾರಿಯೇ ಇಲ್ಲ. ಕೆಂಪು ಗಾಜಿಗೆ ಹಾಕುವ ದುಡ್ಡಿನಲ್ಲಿ ನೀವು ಒಂದು ಪೋಲರೈಜರ್ ತೆಗೆದುಕೊಳ್ಳಿ. ಎಲೆಯ ಮೇಲಿನ, ಒದ್ದೆ ಕಲ್ಲಿನ ಮೇಲಿನ ಹೊಳಪು ಕಳೆಯುವುದು ಗಾಜಿನಿಂದ ಮಾತ್ರ ಆಗುವ ಕೆಲಸ, ಅದನ್ನು ಯಾವ ಮೆನುವೂ ಮಾಡಿಕೊಡುವುದಿಲ್ಲ. 24 ಮಿ.ಮೀ.ಗಿಂತ ಅಗಲದ ಲೆನ್ಸ್‌ನಲ್ಲಿ ಆಕಾಶ ಸೇರಿಸಿದಾಗ ಮಾತ್ರ ಅದನ್ನು ಬಿಚ್ಚಿಡಿ, ಇಲ್ಲದಿದ್ದರೆ ಆಕಾಶದ ಒಂದು ಭಾಗ ಕಪ್ಪಾಗಿ ಇನ್ನೊಂದು ಭಾಗ ಬಿಳಿಯಾಗಿ ಉಳಿಯುತ್ತದೆ.